ಬ್ಯಾಬಿಲೋನಿನ ಊರದೇವರು ಮರ್ದೂಕ್ ದೇವತೆಗಳ ರಾಜನಾದದ್ದು ಹೇಗೆ?

ಅವನ ಊರು ಬೆಳೆಯಿತು, ಅದರೊಂದಿಗೆ ಅವನೂ ಬೆಳೆದ. ಮೆಸೊಪೊಟೇಮಿಯಾದ (ಇಂದಿನ ಇರಾಕ್ ಸುತ್ತಿನ ಪ್ರಾಚೀನ ನಾಡು) ಪ್ರತಿ ನಗರಕ್ಕೂ ಒಬ್ಬ ಒಡೆಯ ದೇವರಿದ್ದ: ಊರ್ ನಗರಕ್ಕೆ ಚಂದ್ರದೇವ ಸಿನ್, ನಿಪ್ಪೂರಿಗೆ ಎನ್ಲಿಲ್. ನಗರದ ನಿಜವಾದ ದೊರೆ ಆ ದೇವರೇ, ಅರಸ ಅವನ ಪರವಾಗಿ ಆಳುವವನು ಎಂಬುದು ಜನರ ನಂಬಿಕೆ. ಹಾಗಾಗಿ ಒಂದು ನಗರ ಉಳಿದವನ್ನು ಗೆದ್ದರೆ ಅದರ ದೇವರ ಸ್ಥಾನವೂ ಏರುತ್ತಿತ್ತು. ಕ್ರಿ.ಪೂ. 18ನೆಯ ಶತಮಾನದಲ್ಲಿ ಸಾಮ್ರಾಜ್ಯ ಕಟ್ಟಿದ ಬ್ಯಾಬಿಲೋನಿನ ಅರಸ ಹಮ್ಮುರಾಬಿ, ಹಿರಿಯ ದೇವರಾದ ಅನು ಮತ್ತು ಎನ್ಲಿಲ್ ತಾವೇ ಮರ್ದೂಕನಿಗೆ ಅಧಿಕಾರ ಒಪ್ಪಿಸಿದರೆಂದು ತನ್ನ ಕಾನೂನು ಶಾಸನದ ಪೀಠಿಕೆಯಲ್ಲಿ ಕೆತ್ತಿಸಿದ.

ಆಮೇಲೆ ಬಂದದ್ದು ಏಳು ಮಣ್ಣಿನ ಫಲಕಗಳ ಸೃಷ್ಟಿಕಾವ್ಯ ‘ಎನುಮಾ ಎಲಿಶ್’. ಅದರಲ್ಲಿ ಕಡಲತಾಯಿ ತಿಯಾಮತ್ ಕೆರಳಿ ನಿಂತಾಗ ಹಿರಿಯ ದೇವರೆಲ್ಲ ಹಿಮ್ಮೆಟ್ಟುತ್ತಾರೆ. ಮರ್ದೂಕ್ ಕಾದಾಡಲು ಒಪ್ಪುತ್ತಾನೆ, ಆದರೆ ಇನ್ನು ಮುಂದೆ ತನ್ನ ಮಾತೇ ನಡೆಯಬೇಕೆಂಬ ಷರತ್ತಿನ ಮೇಲೆ! ನನಗೆ ಇಡೀ ಕಾವ್ಯದ ಜೀವಾಳ ಈ ಷರತ್ತೇ. ಅವಳನ್ನು ಕೊಂದು, ದೇಹವನ್ನು ಎರಡಾಗಿ ಸೀಳಿ, ಒಂದು ಹೋಳಿನಿಂದ ಆಕಾಶವನ್ನು ರಚಿಸುತ್ತಾನೆ. ದೇವತೆಗಳು ಅವನಿಗೆ 50 ಹೆಸರು ಕೊಟ್ಟು ಹಾಡುತ್ತಾರೆ. ಬ್ಯಾಬಿಲೋನಿನಲ್ಲಿ ಹೊಸವರ್ಷದ ಅಕೀತು ಹಬ್ಬದಂದು ಈ ಕಾವ್ಯವನ್ನು ಪಠಿಸುತ್ತಿದ್ದರು.

ಮುಂದೆ ಬ್ಯಾಬಿಲೋನಿನ ಉತ್ತರಕ್ಕಿದ್ದ ಅಸ್ಸೀರಿಯಾದವರು ಪ್ರಬಲರಾದಾಗ ಇದೇ ಕಾವ್ಯದಲ್ಲಿ ಮರ್ದೂಕನ ಜಾಗಕ್ಕೆ ತಮ್ಮ ದೇವರು ಅಶ್ಶೂರನನ್ನು ತಂದರು.