ಮಗ ಬುತ್ತಿ ಡಬ್ಬಿಯನ್ನು ಹಾಗೆಯೇ ವಾಪಸ್ ತರುತ್ತಾನೆ. ಮಕ್ಕಳ ಕಣ್ಣಿಗೂ ಹಿಡಿಸುವಂತೆ, ಮೈಗೂ ಹತ್ತುವಂತೆ ಕಟ್ಟುವುದು ಹೇಗೆ?

ತುಂಬಿದ ಡಬ್ಬಿ ಮನೆಗೆ ಬರುತ್ತಿದೆಯೆಂದರೆ ನೀವು ಪುಣ್ಯವಂತರು. ನನ್ನ ಮಗಳ ಡಬ್ಬಿ ದಿನವೂ ಖಾಲಿಯಾಗಿ ಬರುತ್ತಿತ್ತು, ನಾನು ಹಿಗ್ಗುತ್ತಿದ್ದೆ.

ನಾವಿರುವುದು ಬಾಗಲಕೋಟೆಯ ನವನಗರದಲ್ಲಿ. ಹೆಂಡತಿಗೆ ಬೆಳಗಿನ ಪಾಳಿ. ಬುತ್ತಿ ಕಟ್ಟುವುದು ನನ್ನ ಪಾಲು. ನಾನೂ ನಿಮ್ಮಂತೆ ಅಂದಚೆಂದದ ಹಿಂದೆ ಬಿದ್ದು ಮೂರು ಖಾನೆಯ ಡಬ್ಬಿ ಕೊಂಡೆ, ಗಜ್ಜರಿಯನ್ನು ಹೂವಿನಂತೆ ಕತ್ತರಿಸಿದೆ. ಆದರೆ ಹಂಚಿನಿಂದ ಇಳಿಸಿದ ಜೋಳದ ರೊಟ್ಟಿಯನ್ನು ಹಬೆಯಾಡುವಾಗಲೇ ಮಡಚಿ ಹಾಕಿ, ರಬ್ಬರ್ ಸುತ್ತಿನ ಮುಚ್ಚಳವನ್ನು ಒತ್ತಿ ಬಿಗಿಯುತ್ತಿದ್ದೆ. ಮಧ್ಯಾಹ್ನದವರೆಗೆ ಬಿಸಿ ಉಳಿಯಲಿ ಎಂಬ ಅಕ್ಕರೆ! ಹಬೆಗೆ ದಾರಿಯೆಲ್ಲಿ? ಅದು ಮುಚ್ಚಳದ ಒಳಮೈಗೆ ಹನಿಗಟ್ಟಿ ಮತ್ತೆ ರೊಟ್ಟಿಯ ಮೇಲೆಯೇ ಬೀಳುತ್ತದೆ. ಗೋಧಿಗಿರುವ ಜಿಗುಟು ಜೋಳಕ್ಕಿಲ್ಲ. ನೀರು ತಾಗಿದರೆ ಬಿಟ್ಟುಕೊಳ್ಳುತ್ತದೆ. ಪಕ್ಕದ ಖಾನೆಯಿಂದ ಎಣ್ಣೆಗಾಯಿಯ ರಸ ಹರಿದು ಬಂದು ಸೇರುತ್ತದೆ. ಮೇಲೆ ನಮ್ಮ ಏಪ್ರಿಲ್ ಬಿಸಿಲು. ಕೊನೆಗೊಮ್ಮೆ ನನಗೂ ಅಂಥದೇ ಡಬ್ಬಿ ಕಟ್ಟಿಕೊಂಡು ಮಧ್ಯಾಹ್ನ ಒಂದಕ್ಕೆ ತೆರೆದೆ. ಹಳಸಲು ವಾಸನೆ ಗಪ್ಪೆಂದು ಮೂಗಿಗೆ ಬಡಿಯಿತು. ರೊಟ್ಟಿಯ ಅಂಚು ಹಿಡಿದೆತ್ತಿದರೆ ಅಂಚಷ್ಟೇ ಕೈಗೆ ಬಂತು.

ಅಷ್ಟು ದಿನವೂ ಮಗಳು ಅದನ್ನು ನಾಯಿಗಳಿಗೆ ಹಾಕಿ, ಡಬ್ಬಿಯನ್ನು ನಲ್ಲಿಯಲ್ಲಿ ತೊಳೆದು ತರುತ್ತಿದ್ದಳಂತೆ. ಹಿಂದೊಮ್ಮೆ ಊಟ ಬಿಟ್ಟು ತಂದದ್ದಕ್ಕೆ ನಾನು ಬೈದಿದ್ದೆ, ಆ ಹೆದರಿಕೆ. ಹೊಟ್ಟೆಗೆ ಅಂಗಡಿಯ ಕುರುಕಲು ಪೊಟ್ಟಣ. ಸುಸ್ತು ಎನ್ನತೊಡಗಿದಾಗ ರಕ್ತ ಪರೀಕ್ಷೆ ಮಾಡಿಸಿದೆವು. ಅವಳ ವಯಸ್ಸಿಗೆ ಹಿಮೋಗ್ಲೋಬಿನ್ 11.5 ಆದರೂ ಇರಬೇಕು. ಇದ್ದದ್ದು 9ರ ಆಸುಪಾಸು. ಊಟದ ಜೊತೆಗೆ ಚಹಾ ಕೊಡುತ್ತೀರಾ ಎಂದು ವೈದ್ಯರು ಕೇಳಿದರು. ಕೊಡುತ್ತಿದ್ದೆವು! ಚಹಾದ ಒಗರು ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ, ನಿಂಬೆಹುಳಿ ಹತ್ತಿಸುತ್ತದೆ. ನಿಂಬೆಗೆ ಹೆಸರಾದ ಇಂಡಿ ಪಕ್ಕದ ಜಿಲ್ಲೆಯಲ್ಲೇ ಇದೆ, ಆದರೂ ನಿಂಬೆಯ ಈ ಗುಣ ನಮಗೇ ಗೊತ್ತಿರಲಿಲ್ಲ.

ಆದ್ದರಿಂದ ಬಣ್ಣದ ಚಿಂತೆ ಬಿಡಿ. ಅದು ಮೊಬೈಲ್‌ನಲ್ಲಿ ಫೋಟೊ ಹಾಕುವವರ ಹುಚ್ಚು. ನೀವು ಕಟ್ಟಿದ ಬುತ್ತಿ ಮಧ್ಯಾಹ್ನ ಒಂದಕ್ಕೆ ಹೇಗಿರುತ್ತದೆ ಎಂಬುದನ್ನು ಮೊದಲು ನೋಡಿ. ರೊಟ್ಟಿ ತೆಳ್ಳಗಿರಲಿ, ಬುಟ್ಟಿಯಲ್ಲಿ ಹರಡಿ ಹಬೆ ಹೋದ ಮೇಲೆ ಬೆಣ್ಣೆ ಸವರಿ ಅರಿವೆಯಲ್ಲಿ ಸುತ್ತಿಡಿ. ನನ್ನನ್ನು ಕೇಳಿದರೆ ಡಬ್ಬಿಗೆ ಧಪಾಟಿಯೇ ಮೇಲು. ಜೋಳದ ಹಿಟ್ಟಿಗೆ ಗೋಧಿ ಹಿಟ್ಟು, ಕಡಲೆ ಹಿಟ್ಟು, ಹೆಚ್ಚಿದ ಮೆಂತ್ಯ ಸೊಪ್ಪು ಬೆರೆಸಿದರೆ ಆರಿದ ಮೇಲೂ ಮೆತ್ತಗಿರುತ್ತದೆ, ಸೊಪ್ಪನ್ನು ಆಯ್ದು ಬಿಸಾಡಲೂ ಆಗುವುದಿಲ್ಲ. ಪಲ್ಯವೆಂದರೆ ಮೊಳಕೆ ಬರಿಸಿದ ಮಡಕಿ ಕಾಳಿನ ಒಣ ಪಲ್ಯ, ಮೇಲೆ ನಿಂಬೆರಸ. ಜೊತೆಗೆ ಎಣ್ಣೆಯಲ್ಲಿ ಕಲಸಿದ ಶೇಂಗಾ ಹಿಂಡಿ, ಅಂದರೆ ಶೇಂಗಾ ಚಟ್ನಿಪುಡಿ. 100 ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇರುತ್ತದೆ, ಅಂಗಡಿಯ ದುಬಾರಿ ಪುಡಿ ಯಾಕೆ? ಮೊಸರನ್ನ ಮಾತ್ರ ಬೇಸಿಗೆಯಲ್ಲಿ ಬೇಡ, ಹುಳಿ ಬರುತ್ತದೆ.

ಡಬ್ಬಿ ವಾಪಸ್ ಬಂದರೆ ಬೈಯಬೇಡಿ, ಮುಚ್ಚಳ ತೆಗೆದು ಮೂಸಿ ನೋಡಿ. ನೂಡಲ್ಸ್ ಬೇಕೆಂದು ಹಟ ಹಿಡಿದರೆ ಭಾನುವಾರ ಮನೆಯಲ್ಲೇ ಮಾಡಿಕೊಡಿ. ಡಬ್ಬಿಗೆ ಹಾಕಿದರೆ ಮಧ್ಯಾಹ್ನಕ್ಕೆ ಅದೂ ಮುದ್ದೆಯೇ.