ಮಗನಿಗೆ ಮನಸ್ಸೆ ಅಂತ ಹೆಸರಿಟ್ಟವನು

ಪ್ರೀತಿಯ ತಂಗಿ,

ನಿನ್ನ ಪತ್ರ ಎರಡು ಸಲ ಓದಿದೆ. ಜರ್ಮನಿಯ ಸ್ಟುಟ್‌ಗಾರ್ಟಿಗೆ ಬಂದು ನಾಲ್ಕು ತಿಂಗಳಾಯಿತು, ಚಳಿ ಒಗ್ಗಿದೆ, ವೃದ್ಧಾಶ್ರಮದ ಕೆಲಸವೂ ಕೈಗೆ ಹತ್ತಿದೆ ಅಂತ ಬರೆದಿದ್ದೀಯ. ಆದರೆ ಹೊರಡುವ ದಿನ ನಿಮ್ಮಪ್ಪ ಆಡಿದ ಮಾತು ಮಾತ್ರ ರಾತ್ರಿ ಪಾಳಿ ಮುಗಿಸಿ ಮಲಗಿದಾಗಲೆಲ್ಲ ಎದ್ದು ಬರುತ್ತದೆ ಅಂದಿದ್ದೀಯ. "ದೂರ ಬಂದ್ರೆ ಮರೀತೀನಿ ಅಂದ್ಕೊಂಡಿದ್ದೆ ಅಕ್ಕ. ದಿನಾ ಪ್ರಾರ್ಥನೆ ಮಾಡ್ತೀನಿ, ಆದ್ರೂ ಹೋಗ್ತಿಲ್ಲ. ನನ್ನ ನಂಬಿಕೆನೇ ಕಮ್ಮಿನಾ?"

ಕಮ್ಮಿ ಅಲ್ಲ, ತಂಗಿ. ದೂರ ಬಂದರೆ ಮರೆತುಹೋಗುತ್ತದೆ ಅನ್ನುವ ಲೆಕ್ಕವೇ ತಪ್ಪು. 2013ರಲ್ಲಿ ನಾನೂ ಅದೇ ಲೆಕ್ಕ ಹಾಕಿಕೊಂಡು ಬಂದವಳು.

ಯೋಸೇಫನ ಕಥೆ ಸಂಡೇ ಸ್ಕೂಲಿನಲ್ಲಿ ಕಲಿತಿದ್ದೀಯಲ್ಲ. ತಂದೆ ಕೊಟ್ಟ ಅಂಗಿ, ಅಣ್ಣಂದಿರು ತಳ್ಳಿದ ಹಳ್ಳ, ಅವರು ಮಾರಿದ್ದು, ಆಮೇಲೆ ಸೆರೆಮನೆ. ಈಗ ಬೈಬಲಿನ ಆದಿಕಾಂಡ 41 ಮತ್ತು 42 ಎರಡನ್ನೂ ಒಟ್ಟಿಗೆ ನಿಧಾನವಾಗಿ ಓದು. ಐಗುಪ್ತದಲ್ಲಿ, ಅಂದರೆ ಈಜಿಪ್ಟಿನಲ್ಲಿ, ಕೆಲಸ, ಮನೆ, ಹೆಂಡತಿ ಎಲ್ಲ ಸಿಕ್ಕಮೇಲೆ ಅವನಿಗೆ ಚೊಚ್ಚಲ ಮಗ ಹುಟ್ಟುತ್ತಾನೆ. ನನ್ನ ಕಷ್ಟವನ್ನೂ ತಂದೆಯ ಮನೆಯನ್ನೂ ದೇವರು ಮರೆಸಿಬಿಟ್ಟ ಅಂತ ಹೇಳಿ ಮಗನಿಗೆ ಮನಸ್ಸೆ, ಅಂದರೆ ಮರೆಸುವವನು, ಅಂತ ಹೆಸರಿಡುತ್ತಾನೆ. ಪರದೇಶದಲ್ಲಿ ನೆಲೆ ಕಂಡವನ ಮಾತು ಅದು. ನಾನೂ ಆಡಿದ್ದೇನೆ. ಆಮೇಲೆ ಬರಗಾಲ ಬಂದು ಅಣ್ಣಂದಿರು ಧಾನ್ಯ ಕೊಳ್ಳಲು ಬರುತ್ತಾರೆ. ಅವನು ಭಾಷೆ ಬಾರದವನ ಹಾಗೆ ದುಭಾಷಿ ಇಟ್ಟುಕೊಂಡು ಮಾತಾಡುತ್ತಾನೆ. ಅವತ್ತು ತಮ್ಮ ಅಷ್ಟು ಬೇಡಿಕೊಂಡರೂ ನಾವು ಕೇಳಲಿಲ್ಲ ಅಂತ ಅವರು ತಮ್ಮೊಳಗೆ ತಾಯ್ನುಡಿಯಲ್ಲಿ ಮಾತಾಡಿಕೊಳ್ಳುತ್ತಾರೆ. ಅದು ಕಿವಿಗೆ ಬಿದ್ದದ್ದೇ ತಡ, ಅವನು ಆಚೆ ಹೋಗಿ ಅಳುತ್ತಾನೆ. ಮಾರಿದಾಗ ಅವನಿಗೆ 17 ವರ್ಷ. ಅಳುವ ಹೊತ್ತಿಗೆ ಇಪ್ಪತ್ತು ವರ್ಷ ಕಳೆದುಹೋಗಿದೆ.

ಮಲಗಿದಲ್ಲೇ ಆಗುವ ಬೆಡ್‌ಸೋರ್ ಹುಣ್ಣಿಗೆ ಡ್ರೆಸ್ಸಿಂಗ್ ಮಾಡುವವರು ನಾವು. ಆಳದ ಗಾಯ ತಳದಿಂದ ತುಂಬಿಕೊಂಡು ಬರಬೇಕು. ಮೇಲೆ ಮಾತ್ರ ಚರ್ಮ ಕೂಡಿದರೆ ಒಳಗೆ ಕೀವು ನಿಲ್ಲುತ್ತದೆ ಅಂತ ನಿನಗೆ ಹೇಳಿಕೊಡಬೇಕಿಲ್ಲ.

ನನ್ನದು ಅಣ್ಣನ ಜೊತೆಗಿನ ಜಗಳ. ಊರಿನ ಜಾಗದ ವಿಷಯ. ಮಾತು ಬಿಟ್ಟು ಎರಡು ವರ್ಷವಾಗಿತ್ತು. 2016ರ ಅಕ್ಟೋಬರಿನಲ್ಲಿ ನಮ್ಮವ್ವ ತೀರಿಕೊಂಡಳು. ವೀಸಾ ನವೀಕರಣಕ್ಕೆ ಕೊಟ್ಟ ಪಾಸ್‌ಪೋರ್ಟ್ ಇನ್ನೂ ಕೈಗೆ ಬಂದಿರಲಿಲ್ಲ. ಅಣ್ಣ ಮರುದಿನವೇ ಮಣ್ಣು ಮಾಡಿಸಿದ. ನಾನು ಇಲ್ಲಿ ಬೇರೆಯವರ ತಾಯಂದಿರಿಗೆ ಊಟ ತಿನ್ನಿಸುತ್ತಿದ್ದೆ.

ನವೆಂಬರಿನಲ್ಲಿ ಇಲ್ಲಿ ಬುಸ್ ಉಂಡ್ ಬೆಟ್‌ಟಾಗ್ ಬರುತ್ತದೆ, ಪಶ್ಚಾತ್ತಾಪ ಮತ್ತು ಪ್ರಾರ್ಥನೆಯ ಬುಧವಾರ. ಮೊದಲು ಅದಕ್ಕೆ ದೇಶಕ್ಕೆಲ್ಲ ರಜೆಯಿತ್ತು. ವೃದ್ಧರ ಆರೈಕೆಯ ವಿಮೆಗೆ ದುಡ್ಡು ಹೊಂದಿಸಲು 1995ರಲ್ಲಿ ರಜೆ ತೆಗೆದರು, ಸ್ಯಾಕ್ಸನಿ ರಾಜ್ಯದಲ್ಲಿ ಮಾತ್ರ ಉಳಿದಿದೆ. ಆರೈಕೆ ಮಾಡುವ ನಮ್ಮಂಥವರ ಸಂಬಳಕ್ಕೆ ಆ ವಿಮೆಯ ದುಡ್ಡೂ ಬರುತ್ತದೆ, ಅದಕ್ಕೇ ಆ ದಿನದ ಋಣ ನನ್ನ ಮೇಲಿದೆ ಅನ್ನಿಸುತ್ತದೆ. ಆ ವರ್ಷ ಆ ಸಂಜೆ ಆರಾಧನೆ ಮುಗಿಸಿ ಬಂದು ಒಂದು ನೋಟ್‌ಬುಕ್ಕಿನಲ್ಲಿ ಅಣ್ಣನ ತಪ್ಪುಗಳನ್ನೆಲ್ಲ ಬರೆಯುತ್ತಾ ಕೂತೆ. ಮೂರು ಪುಟ ಆಯಿತು. ನಾನು ಕಳಿಸಿದ ದುಡ್ಡಿನ ಲೆಕ್ಕವೂ ಅದರಲ್ಲಿತ್ತು, ತಿಂಗಳು ತಿಂಗಳಿನದು. ಬರೆಯುತ್ತಾ ಬರೆಯುತ್ತಾ ಕೈ ನಿಂತಿತು. ಆಸ್ಪತ್ರೆಯಲ್ಲಿ ಅವ್ವನ ಪಕ್ಕ ನೀನು ಎಷ್ಟು ರಾತ್ರಿ ಕೂತಿದ್ದೆ ಅಂತ ನಾನು ಅವನನ್ನು ಒಂದು ಸಲವೂ ಕೇಳಿರಲಿಲ್ಲ. ಅವನ ತಪ್ಪು ಅದರಿಂದ ಅಳಿಸಿಹೋಗಲಿಲ್ಲ. ಆದರೆ ನಾಲ್ಕನೇ ಪುಟ ನನ್ನ ಬಗ್ಗೆ ಬರೆಯಬೇಕಾಯಿತು.

ಅದರ ಮುಂದಿನ ಭಾನುವಾರ ಇಲ್ಲಿ ಎವಿಗ್‌ಕೈಟ್ಸ್‌ಸೊನ್‌ಟಾಗ್, ತೀರಿಕೊಂಡವರನ್ನು ನೆನೆಯುವ ದಿನ. ಆ ವರ್ಷ ಚರ್ಚಿನ ಸಭೆಯವರಲ್ಲಿ ತೀರಿಕೊಂಡವರ ಹೆಸರು ಒಂದೊಂದಾಗಿ ಓದಿ ಮೇಣದಬತ್ತಿ ಹಚ್ಚುತ್ತಾರೆ. ನಮ್ಮ ಪಾಸ್ಟರಮ್ಮನಿಗೆ ಯಾರೋ ನನ್ನ ವಿಷಯ ಹೇಳಿದ್ದರು. ಬಾಗಿಲಲ್ಲೇ ನನ್ನನ್ನು ನಿಲ್ಲಿಸಿ, ಅವ್ವನ ಹೆಸರು ಹೇಗೆ ಉಚ್ಚರಿಸಬೇಕು ಅಂತ ಕೇಳಿದರು. ಚೀಟಿಯಲ್ಲಿ ಬರೆದುಕೊಂಡರು, ಮೂರು ಸಲ ಹೇಳಿ ನೋಡಿದರು. 'ಳ' ಬರಲಿಲ್ಲ ಅವರಿಗೆ. ಒಳಗೆ ಆ ಎಲ್ಲ ಜರ್ಮನ್ ಹೆಸರುಗಳ ನಡುವೆ ನಮ್ಮವ್ವನ ಹೆಸರು ಬಂತು, ತಪ್ಪು ಉಚ್ಚಾರದಲ್ಲೇ. ನಾನು ಎದ್ದು ಹೋಗಿ ಬತ್ತಿ ಹಚ್ಚಿದೆ. ಅವತ್ತೇ ನಾನು ಸರಿಯಾಗಿ ಅತ್ತದ್ದು.

ಇದಕ್ಕೇ ಹೇಳುವುದು, ಈ ಮಾತು ಹೋಗಲಿ ಅಂತ ಬೇಡುವುದನ್ನು ಸ್ವಲ್ಪ ದಿನ ಬಿಡು. ಅಪ್ಪ ಆಡಿದ ಮಾತನ್ನು ಅವರು ಆಡಿದ ಹಾಗೇ ದೇವರ ಮುಂದೆ ಹೇಳು. ಕನ್ನಡದಲ್ಲೇ ಹೇಳು. ಸಿಟ್ಟಿದ್ದರೆ ಸಿಟ್ಟಿನಲ್ಲೇ ಹೇಳು. 13ನೇ ಕೀರ್ತನೆ ಶುರುವಾಗುವುದೇ, ಇನ್ನೆಷ್ಟು ದಿನ ನನ್ನನ್ನು ಮರೆತಿರುತ್ತೀ ಅಂತ ದೇವರನ್ನು ಕೇಳುತ್ತಾ. 88ನೆಯದು ಕತ್ತಲಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರವೂ ಇಲ್ಲ. ಅಂಥದ್ದನ್ನೂ ಬೈಬಲಿನಲ್ಲಿ ಉಳಿಸಿಕೊಂಡಿದ್ದಾರೆ. ನಿನ್ನ ಪ್ರಾರ್ಥನೆಗೂ ಅಲ್ಲಿ ಜಾಗ ಇದೆ.

ಕ್ಷಮಿಸಬೇಕು ಅಂತ ನಾಳೆಯೇ ಅಪ್ಪನಿಗೆ ಫೋನ್ ಮಾಡಬೇಡ. ಯೋಸೇಫ ಕೂಡ ಅಣ್ಣಂದಿರನ್ನು ನೋಡಿದ ತಕ್ಷಣ ಅಪ್ಪಿಕೊಳ್ಳಲಿಲ್ಲ. ಅವರು ಬದಲಾಗಿದ್ದಾರಾ ಅಂತ ಪರೀಕ್ಷೆ ಮಾಡಿದ. ತಮ್ಮ ಬೆನ್ಯಾಮೀನನ ಬದಲು ನಾನು ಗುಲಾಮನಾಗಿರುತ್ತೇನೆ ಅಂತ ಅಣ್ಣಂದಿರಲ್ಲೊಬ್ಬನಾದ ಯೆಹೂದ ಮುಂದೆ ಬಂದಮೇಲೆ ಯೋಸೇಫ ತಾನು ಯಾರು ಅಂತ ಹೇಳಿಕೊಂಡ. ಕ್ಷಮೆ ಬೇಗ ಬರಬಹುದು, ನಂಬಿಕೆ ಮತ್ತೆ ಕೂಡಲು ಜಾಸ್ತಿ ಕಾಲ ಹಿಡಿಯುತ್ತದೆ.

ಇನ್ನೊಂದು ವಿಷಯ. ಇಲ್ಲಿ ನೋಂದಣಿ ಮಾಡಿಸುವಾಗ ಪ್ರೊಟೆಸ್ಟೆಂಟ್ ಅಂತ ಬರೆಸಿದ್ದರೆ ನಿನ್ನ ವರಮಾನ ತೆರಿಗೆಯ 8% ಚರ್ಚಿನ ತೆರಿಗೆ ಅಂತ ಹೋಗುತ್ತಿರುತ್ತದೆ. ಅಂದರೆ ನೀನೂ ಆ ಸಭೆಯವಳೇ, ಪಾಸ್ಟರ್ ಹತ್ತಿರ ಒಬ್ಬಳೇ ಕೂತು ಮಾತಾಡಬೇಕು ಅಂತ ಕೇಳಲು ಸಂಕೋಚ ಬೇಡ. ಆ ಮಾತು ಅವರು ಯಾರಿಗೂ ಹೇಳುವಂತಿಲ್ಲ. ನಡುರಾತ್ರಿ ತಡೆಯಲಾಗದಿದ್ದರೆ ಫೋನಿನಲ್ಲಿ ಮನಸ್ಸಿನ ನೋವು ಕೇಳುವ ಸಹಾಯವಾಣಿ ಟೆಲಿಫೋನ್‌ಜೇಲ್‌ಜೋರ್ಗೆ ಇದೆ, 0800 1110111, ದುಡ್ಡು ಬೀಳುವುದಿಲ್ಲ. ಜರ್ಮನ್‌ನಲ್ಲಿ ಮಾತಾಡಬೇಕಾದೀತು. ನಿನ್ನದು ಭಾಷೆಯ ಬಿ2 ಹಂತ ಆಗಿದೆಯಲ್ಲ, ತಡವರಿಸಿದರೂ ಕೇಳುತ್ತಾರೆ. ನಿದ್ದೆ, ಊಟ ಎರಡೂ ಬಿಟ್ಟುಹೋಗಿದ್ದರೆ ಡಾಕ್ಟರ ಹತ್ತಿರವೂ ಹೋಗು. ಪ್ರವಾದಿ ಎಲೀಯ ಸಾಯಬೇಕು ಅಂತ ಮರದ ಕೆಳಗೆ ಮಲಗಿದಾಗ ದೇವದೂತ ಮೊದಲು ಉಪದೇಶ ಮಾಡಲಿಲ್ಲ, ಎಬ್ಬಿಸಿ ರೊಟ್ಟಿ ಕೊಟ್ಟ.

ನಾನಿರುವುದು ಟ್ಯೂಬಿಂಗನ್ ಹತ್ತಿರ. ನಮ್ಮ ಕಿಟೆಲರು 1903ರಲ್ಲಿ ತೀರಿಕೊಂಡದ್ದು ಇದೇ ಊರಿನಲ್ಲಿ. ಕನ್ನಡಕ್ಕೆ ಅಷ್ಟು ದೊಡ್ಡ ನಿಘಂಟು ಕೊಟ್ಟವರ ಊರಿನಲ್ಲಿ ಕನ್ನಡದಲ್ಲಿ ಪ್ರಾರ್ಥನೆ ಮಾಡುವಾಗ ನನಗೆ ಅಷ್ಟು ಒಂಟಿ ಅನ್ನಿಸುವುದಿಲ್ಲ.

ಅಣ್ಣ ಈಗ ತಿಂಗಳಿಗೊಂದು ಸಲ ಫೋನ್ ಮಾಡುತ್ತಾನೆ. ಜಾಗದ ವಿಷಯ ಇನ್ನೂ ಬಗೆಹರಿದಿಲ್ಲ. ಅವ್ವನ ಕೊನೆಯ ರಾತ್ರಿಗಳ ಬಗ್ಗೆ ಸ್ವಲ್ಪ ಸ್ವಲ್ಪ ಹೇಳುತ್ತಾನೆ, ನಾನು ಕೇಳುತ್ತೇನೆ.

ನಿನಗೆ ರಜೆಯಿರುವ ಭಾನುವಾರ ಯಾವುದು ಅಂತ ತಿಳಿಸು. ಸ್ಟುಟ್‌ಗಾರ್ಟಿನಿಂದ ರೈಲಿನಲ್ಲಿ ಒಂದು ತಾಸು. ಊರಿಂದ ತಂದ ಜೋಳದ ಹಿಟ್ಟು ಇನ್ನೂ ಇದೆ, ರೊಟ್ಟಿ ಬಡಿಯುತ್ತೇನೆ. ಆ ನೋಟ್‌ಬುಕ್ ಬೇಕಾದರೆ ತೋರಿಸುತ್ತೇನೆ.