ವಾಹನ ಸಲಹೆ: ಎಂಟು ವರ್ಷದ ಟ್ಯಾಕ್ಸಿಗೆ ಎಫ್‌ಸಿ ತಯಾರಿ

ಪ್ರಶ್ನೆ: ಮಾನ್ಯರೇ, ಹಳದಿ ಬೋರ್ಡ್‌ನ ನನ್ನ ಡೀಸೆಲ್ ಕಾರಿಗೆ ಬರುವ ತಿಂಗಳು ಎಂಟು ವರ್ಷ ತುಂಬುತ್ತದೆ. ಇದುವರೆಗೆ ಎರಡು ವರ್ಷಕ್ಕೊಮ್ಮೆ ಎಫ್‌ಸಿ (ವಾಹನದ ಅರ್ಹತಾ ಪತ್ರ) ಮಾಡಿಸುತ್ತಿದ್ದೆ. ಇನ್ನು ಪ್ರತಿ ವರ್ಷವೂ ಮಾಡಿಸಬೇಕು ಎನ್ನುತ್ತಾರೆ. ಕಾರಿನ ಮೈಗೆ ಬಣ್ಣ ಹೊಡೆಸಿ, ಆ ಒಂದು ದಿನಕ್ಕೆ ಗೆಳೆಯರ ಕಾರಿನ ಟೈರ್ ಹಾಕಿಕೊಂಡು ಹೋದರೆ ಸಾಕು ಎಂದು ಸ್ಟ್ಯಾಂಡಿನಲ್ಲಿ ಕೆಲವರ ಸಲಹೆ. ಸರಿಯಾದ ತಯಾರಿ ಹೇಗೆಂದು ತಿಳಿಸುವಿರಾ?
– ಓದುಗರು, ಉಡುಪಿ ಜಿಲ್ಲೆ

ಉತ್ತರ: ನೀವು ಕೇಳಿರುವುದು ನಿಜ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 62ನೇ ನಿಯಮದ ಪ್ರಕಾರ ಹೊಸ ಬಾಡಿಗೆ ವಾಹನಕ್ಕೆ ಎರಡು ವರ್ಷದ ಅರ್ಹತಾ ಪತ್ರ ದೊರೆಯುತ್ತದೆ. ಎಂಟು ವರ್ಷದವರೆಗೆ ಎರಡೆರಡು ವರ್ಷಕ್ಕೆ, ಆನಂತರ ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಅರ್ಹತಾ ಪತ್ರವಿಲ್ಲದ ಬಾಡಿಗೆ ವಾಹನವನ್ನು 1988ರ ಮೋಟಾರು ವಾಹನ ಕಾಯ್ದೆಯ 56ನೇ ಕಲಮು ನೋಂದಣಿಯೇ ಇಲ್ಲದ ವಾಹನದಂತೆ ಕಾಣುತ್ತದೆಯಾದ್ದರಿಂದ, ಅವಧಿ ಮೀರಿದ ಮೇಲೆ ಒಂದು ಬಾಡಿಗೆಗೂ ಹೋಗಬೇಡಿ. ಅಂಥ ಸಮಯದಲ್ಲಿ ಅಪಘಾತವಾದರೆ ವಿಮೆಯ ಪರಿಹಾರಕ್ಕೂ ತೊಡಕು ಬರುತ್ತದೆ.

ಟೈರ್ ಎರವಲು ಪಡೆಯುವ ಸಲಹೆಯನ್ನು ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡಿ. ತಪಾಸಣೆಯ ಮೈದಾನದಲ್ಲಿ ಒಳ್ಳೆಯ ಟೈರ್ ತೋರಿಸಿ ಸಂಜೆ ಅದನ್ನು ಬಿಚ್ಚಿ ಕೊಟ್ಟರೆ, ಮರುದಿನ ಮಳೆಯಲ್ಲಿ ಆಗುಂಬೆ ಘಾಟಿ ಇಳಿಯುವಾಗ ನಿಮ್ಮನ್ನೇ ನಂಬಿ ಕುಳಿತ ಕುಟುಂಬವೊಂದು ಬೋಳು ಟೈರಿನ ಮೇಲಿರುತ್ತದೆ. ಕಾರಿಗೆ ಟೈರಿನ ಅಚ್ಚಿನ ಆಳ ಕನಿಷ್ಠ 1.6 ಮಿಲಿಮೀಟರ್ ಇರಬೇಕೆಂದು ನಿಯಮವಿದೆ. ಅಳತೆಯ ಸಾಧನ ಇಲ್ಲದಿದ್ದರೂ ತೊಂದರೆಯಿಲ್ಲ. ಅಚ್ಚಿನ ಗೀರುಗಳೊಳಗೆ ಅಡ್ಡಲಾಗಿ ಚಿಕ್ಕ ರಬ್ಬರ್ ದಿಂಡುಗಳಿರುತ್ತವೆ, ಟೈರಿನ ಮೈ ಸವೆದು ಅವುಗಳ ಮಟ್ಟಕ್ಕೆ ಬಂದಿದ್ದರೆ ಟೈರ್ ಮುಗಿಯಿತೆಂದೇ ಲೆಕ್ಕ. ಸ್ಟೀರಿಂಗನ್ನು ಪೂರ್ತಿ ತಿರುಗಿಸಿ ಮುಂದಿನ ಟೈರ್‌ಗಳ ಒಳಅಂಚನ್ನೂ ನೋಡಿ. ಹೊರಗಿನಿಂದ ಚೆನ್ನಾಗಿ ಕಾಣುವ ಟೈರ್ ಒಳಗಡೆ ತಂತಿ ಕಾಣುವಷ್ಟು ಸವೆದಿರುವುದುಂಟು. ಹಾಗಿದ್ದರೆ ಅಲೈನ್‌ಮೆಂಟ್ ತಪ್ಪಿದೆ ಅಥವಾ ಬುಷ್, ಬಾಲ್ ಜಾಯಿಂಟ್‌ಗಳು ಸಡಿಲಗೊಂಡಿವೆ ಎಂದರ್ಥ, ಅವುಗಳನ್ನು ಸರಿಪಡಿಸದೆ ಹೊಸ ಟೈರ್ ಹಾಕಿದರೆ ಅದೂ ಹಾಗೆಯೇ ಹಾಳಾಗುತ್ತದೆ. ಬದಿಯಲ್ಲಿ ಉಬ್ಬಿದ ಅಥವಾ ಸೀಳಿದ ಟೈರನ್ನು ಅಚ್ಚು ಎಷ್ಟೇ ಉಳಿದಿದ್ದರೂ ತೆಗೆಯಿರಿ. ಸ್ಟೆಪ್ನಿಯನ್ನು ಮರೆಯಬೇಡಿ. ಟೈರಿನ ಬದಿಯಲ್ಲಿರುವ ನಾಲ್ಕು ಅಂಕಿಗಳು ತಯಾರಾದ ವಾರ ಮತ್ತು ವರ್ಷವನ್ನು ಹೇಳುತ್ತವೆ. 2319 ಎಂದಿದ್ದರೆ ಅದು 2019ರ 23ನೇ ವಾರದ್ದು.

ಬ್ರೇಕ್ ಇನ್‌ಸ್ಪೆಕ್ಟರ್ ಎಂಬ ಹೆಸರು ನಮ್ಮ ಜನರ ಬಾಯಲ್ಲಿ ಸುಮ್ಮನೆ ಉಳಿದಿಲ್ಲ. ತಪಾಸಣೆಯಲ್ಲಿ ಬ್ರೇಕಿಗೇ ಮೊದಲ ಸ್ಥಾನ. ಖಾಲಿ ರಸ್ತೆಯಲ್ಲಿ ನಿಧಾನ ವೇಗದಲ್ಲಿ ಬ್ರೇಕ್ ಹಿಡಿದಾಗ ಕಾರು ಒಂದು ಪಕ್ಕಕ್ಕೆ ಎಳೆದರೆ, ಮುಂದಿನ ಒಂದು ಚಕ್ರದ ಕ್ಯಾಲಿಪರ್ ಜಾಮ್ ಆಗಿರಬಹುದು, ಇಲ್ಲವೇ ಹಿಂದಿನ ಡ್ರಮ್ಮಿನೊಳಗೆ ಬ್ರೇಕ್ ಆಯಿಲ್ ಸೋರಿ ಲೈನರಿಗೆ ಹತ್ತಿರಬಹುದು. ಸ್ವಯಂಚಾಲಿತ ತಪಾಸಣಾ ಕೇಂದ್ರಗಳಲ್ಲಿ ಚಕ್ರಗಳನ್ನು ರೋಲರ್ ಮೇಲೆ ತಿರುಗಿಸಿ ಎಡಬಲಗಳ ಹಿಡಿತವನ್ನು ಬೇರೆಬೇರೆಯಾಗಿ ಅಳೆಯುವುದರಿಂದ, ಓಡಿಸುವವರಿಗೆ ಗೊತ್ತಾಗದ ವ್ಯತ್ಯಾಸವೂ ಅಲ್ಲಿ ಹೊರಬೀಳುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ದ್ರವ. ತೇವ ಸೇರಿದ ಆಯಿಲ್ ಘಾಟಿಯ ಇಳಿಜಾರಿನಲ್ಲಿ ಕಾದು ಕುದಿದರೆ ಪೆಡಲ್ ನೆಲಕ್ಕೆ ಇಳಿದುಬಿಡುತ್ತದೆ. ಎರಡು ವರ್ಷ ದಾಟಿದ್ದರೆ, ಬಣ್ಣ ಕಪ್ಪಾಗಿದ್ದರೆ, ಈಗಲೇ ಬದಲಿಸಿ. ಹ್ಯಾಂಡ್ ಬ್ರೇಕ್ ಇಳಿಜಾರಿನಲ್ಲಿ ಕಾರನ್ನು ಹಿಡಿದು ನಿಲ್ಲಿಸಬೇಕು. ಅದಕ್ಕೆ ಬಹುತೇಕ ಕೇಬಲ್ ಬಿಗಿಗೊಳಿಸಿ ಡ್ರಮ್ ಶುಚಿ ಮಾಡಿದರೆ ಸಾಕಾಗುತ್ತದೆ.

ಕರಾವಳಿಯವರಾದ ನಿಮಗೆ ಇನ್ನೊಂದು ಮಾತು ಹೇಳಲೇಬೇಕು. ಉಪ್ಪುಗಾಳಿಗೆ ಕಾರಿನ ತಳ ಬೇಗ ತುಕ್ಕು ಹಿಡಿಯುತ್ತದೆ. ಬಣ್ಣ ಹೊಡೆಸುವ ಹಣದಲ್ಲಿ ಮೊದಲು ಕಾರನ್ನು ಲಿಫ್ಟಿಗೆ ಏರಿಸಿ, ಬ್ರೇಕಿನ ಲೋಹದ ಪೈಪು, ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಷನ್ ಕೂರುವ ಜಾಗ, ಸೀಟ್ ಬೆಲ್ಟಿನ ಬೋಲ್ಟಿನ ಸುತ್ತಮುತ್ತ ನೋಡಿಸಿ. ಬಾಗಿಲ ಮೇಲಿನ ಗೀರು ನೋಡಲು ಚೆನ್ನಾಗಿರುವುದಿಲ್ಲ, ಅಷ್ಟೇ. ತೂತು ಬಿದ್ದ ತಳವಾದರೋ ಅಪಾಯಕಾರಿ. ಅಂಥಲ್ಲಿ ಪುಟ್ಟಿ ಮೆತ್ತಿ ಮುಚ್ಚಿಸದೆ, ತಗಡು ಕತ್ತರಿಸಿ ಹೊಸದನ್ನು ವೆಲ್ಡಿಂಗ್ ಮಾಡುವ ಟಿಂಕರಿಂಗ್ ಕೆಲಸದವರಿಗೇ ಕೊಡಿ.

ಹೊಗೆಯ ವಿಷಯ: ಭಾರತ್ ಸ್ಟೇಜ್ 4 ಮಾಲಿನ್ಯ ಮಾನದಂಡದ ಡೀಸೆಲ್ ಕಾರಿಗೆ ಹೊಗೆಯ ಮಿತಿ 50 ಹಾರ್ಟ್ರಿಡ್ಜ್ ಯೂನಿಟ್ (ಹೊಗೆಯ ದಟ್ಟಣೆಯ ಅಳತೆ). ಏರ್ ಫಿಲ್ಟರ್ ಬದಲಿಸಿ, ಆಯಿಲ್ ಹೊಸದು ಹಾಕಿಸಿ, ಹೆದ್ದಾರಿಯಲ್ಲಿ ಅರ್ಧ ಗಂಟೆ ಓಡಿಸಿ, ಎಂಜಿನ್ ಬಿಸಿಯಿರುವಾಗಲೇ ಎಮಿಷನ್ ಟೆಸ್ಟ್ ಮಾಡಿಸಿ. ಆಮೇಲೂ ಕಪ್ಪು ಹೊಗೆ ಬಂದರೆ ಇಂಜೆಕ್ಟರ್ ಅಥವಾ ಇಜಿಆರ್ ವಾಲ್ವ್ (ಹೊಗೆಯ ಸ್ವಲ್ಪ ಭಾಗವನ್ನು ಎಂಜಿನ್ನಿಗೆ ಮರಳಿಸುವ ಭಾಗ) ಪರೀಕ್ಷಿಸಬೇಕು.

ದೀಪ, ಇಂಡಿಕೇಟರ್, ಹಾರ್ನ್, ವೈಪರ್, ಸೀಟ್ ಬೆಲ್ಟ್‌ಗಳನ್ನು ಮನೆಯಲ್ಲೇ ಒಬ್ಬರ ಸಹಾಯದಿಂದ ನೋಡಿಕೊಳ್ಳಬಹುದು. ಹೆಡ್‌ಲೈಟಿನ ಗಾಜು ಹಳದಿಗಟ್ಟಿದ್ದರೆ ಪಾಲಿಷ್ ಮಾಡಿಸಿ, ಬೆಳಕಿನ ಎತ್ತರವನ್ನು ಗ್ಯಾರೇಜಿನಲ್ಲಿ ಹೊಂದಿಸಿ. ಕಿಟಕಿಗೆ ಕಪ್ಪು ಫಿಲ್ಮ್ ಇದ್ದರೆ ತೆಗೆಸಿ. ಮುಂದಿನ ಮತ್ತು ಹಿಂದಿನ ಗಾಜಿನಲ್ಲಿ ಶೇ 70, ಪಕ್ಕದ ಗಾಜಿನಲ್ಲಿ ಶೇ 50 ಬೆಳಕು ಹಾಯಲೇಬೇಕು. ಮುಂದೆ ಕಟ್ಟಿದ ಕಬ್ಬಿಣದ ಗಾರ್ಡ್, ಅತಿ ಪ್ರಖರ ದೀಪಗಳೂ ಇರಬಾರದು. ಹೈ ಸೆಕ್ಯುರಿಟಿ ನಂಬರ್ ಪ್ಲೇಟ್, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಒತ್ತಡ ತೋರಿಸುವ ಮುಳ್ಳು ಹಸಿರು ಪಟ್ಟಿಯಲ್ಲಿರುವ ಅಗ್ನಿಶಾಮಕ, ಕೆಲಸ ಮಾಡುವ ಜಿಪಿಎಸ್ ಟ್ರ್ಯಾಕರ್ ಮತ್ತು ಪ್ಯಾನಿಕ್ ಬಟನ್ ಇರಲಿ. ವಿಮೆ, ತೆರಿಗೆ, ಪರ್ಮಿಟ್, ಎಮಿಷನ್ ಪತ್ರಗಳ ಅವಧಿಯನ್ನು ಅರ್ಜಿ ಹಾಕುವ ಮೊದಲೇ ನೋಡಿಕೊಳ್ಳಿ. ಅರ್ಹತಾ ಪತ್ರದ ನವೀಕರಣ ತಡವಾದರೆ ದಿನಕ್ಕೆ 50 ರೂಪಾಯಿ ಹೆಚ್ಚುವರಿ ಶುಲ್ಕವಿದೆ. ಹೀಗಾಗಿ ಗ್ಯಾರೇಜಿನ ಕೆಲಸವನ್ನು ಒಂದು ತಿಂಗಳು ಮುಂಚೆಯೇ ಆರಂಭಿಸುವುದು ಲೇಸು.

ಪ್ರಶ್ನೆ: ತಪಾಸಣೆಯಲ್ಲಿ ಕಾರನ್ನು ಕಾರಣ ಹೇಳದೆ ವಾಪಸು ಕಳಿಸಿದರೆ ಏನು ಮಾಡಬೇಕು?
– ಓದುಗರು, ಹಾಸನ

ಉತ್ತರ: ದೋಷಗಳನ್ನು ಬರವಣಿಗೆಯಲ್ಲಿ ಕೊಡುವಂತೆ ಗೌರವದಿಂದ, ಆದರೆ ಬಿಡದೆ ಕೇಳಿ. ಆ ಚೀಟಿ ಇದ್ದರೆ ಮೆಕ್ಯಾನಿಕ್‌ಗೂ ಎಲ್ಲಿ ಕೈ ಹಾಕಬೇಕೆಂದು ತಿಳಿಯುತ್ತದೆ. ಹೆಚ್ಚಿನ ದೋಷಗಳು ಒಂದೆರಡು ದಿನದಲ್ಲಿ ಸರಿಯಾಗುವಂಥವು. ಸರಿಪಡಿಸಿ ಮತ್ತೆ ತೋರಿಸುವುದೇ ಸುಲಭದ ದಾರಿ. ನಿರ್ಧಾರವೇ ತಪ್ಪೆಂದು ನಿಮಗೆ ಖಚಿತವಿದ್ದರೆ, ಕಾಯ್ದೆಯ 57ನೇ ಕಲಮಿನಡಿ ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು.

ಪ್ರಶ್ನೆ: ನಮ್ಮದು ಬಿಳಿ ಬೋರ್ಡ್‌ನ ಸ್ವಂತ ಕಾರು. ನಾವೂ ವರ್ಷ ವರ್ಷ ಎಫ್‌ಸಿ ಮಾಡಿಸಬೇಕೇ?
– ಓದುಗರು, ಧಾರವಾಡ

ಉತ್ತರ: ಇಲ್ಲ. ಸ್ವಂತ ಬಳಕೆಯ ಕಾರಿನ ನೋಂದಣಿ 15 ವರ್ಷಕ್ಕೆ ಇರುತ್ತದೆ. ಆಮೇಲೆ ತಪಾಸಣೆಗೆ ಒಪ್ಪಿಸಿ ಐದೈದು ವರ್ಷಕ್ಕೆ ನವೀಕರಿಸಬೇಕು. ಅದಕ್ಕೆ ನಮೂನೆ 25ರಲ್ಲಿ, ಅವಧಿ ಮುಗಿಯುವ ಮುಂಚಿನ 60 ದಿನಗಳೊಳಗೆ ಅರ್ಜಿ ಹಾಕಿ. ಆದರೆ ಕಾರಿಗೆ 15 ವರ್ಷ ತುಂಬುವವರೆಗೆ ಯಾರೂ ಅದರ ತಳ ನೋಡುವವರಿಲ್ಲದಿರುವುದು ನನ್ನ ಮಟ್ಟಿಗೆ ಚಿಂತೆಯ ವಿಷಯವೇ. ಮೇಲೆ ಉಡುಪಿಯವರಿಗೆ ಬ್ರೇಕ್, ಟೈರ್, ತುಕ್ಕಿನ ಬಗ್ಗೆ ಬರೆದದ್ದನ್ನೆಲ್ಲ ವರ್ಷಕ್ಕೊಮ್ಮೆ, ಮಳೆಗಾಲಕ್ಕೆ ಮುಂಚೆ, ನಿಮ್ಮ ಗ್ಯಾರೇಜಿನಲ್ಲಿಯೇ ನೋಡಿಸಿಕೊಳ್ಳಿ.